ಎಲ್ಲರೂ ನನ್ನ ಮಕ್ಕಳೇ



ನಮ್ಮ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯ ಹಲವು ಹಳ್ಳಿಗಳಲ್ಲಿ ಒಂದು 'ಮಿಲಿಟ್ರಿ ಮನೆ' ಇರುತ್ತದೆ. ಆ ಮನೆಯ ಗಂಡಸು ಹಿಂದೆ ಸೈನ್ಯದಲ್ಲಿ ಇದ್ದವನು. ಗೋಡೆಯ ಮೇಲೆ ಅವನ ಫೋಟೋ ಇರುತ್ತದೆ. ಅಟ್ಟದ ಮೇಲೆ ಒಂದು ಕಬ್ಬಿಣದ ಟ್ರಂಕು ಇರುತ್ತದೆ. ಟ್ರಂಕಿನ ಮೇಲೆ ಬಿಳಿ ಬಣ್ಣದಲ್ಲಿ ಅವನ ಹೆಸರು, ನಂಬರು ಬರೆದಿರುತ್ತದೆ.

ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಜ್ಜಿ ಬರುತ್ತಾರೆ. ಊರಿನವರೆಲ್ಲ ಅವರನ್ನು 'ಮಿಲಿಟ್ರಿ ಅಜ್ಜಿ' ಎನ್ನುತ್ತಾರೆ. ಅವರ ಯಜಮಾನರು ಹೋದ ಆಷಾಢದಲ್ಲಿ ತೀರಿಕೊಂಡರು. ಒಂದು ದಿನ ಸಂಜೆ ಅಜ್ಜಿ ಸ್ಲೇಟು ಕೆಳಗಿಟ್ಟು ಕೇಳಿದರು.

"ಅಕ್ಕಾರೇ, ಮಿಲಿಟ್ರಿಯಾಗೆ ಇದ್ದೋರ ಕಥೆ ಪುಸ್ತಕದಾಗೆ ಇರ್ತೈತಾ?"

"ಇರ್ತೈತೆ ಅಜ್ಜಿ. ನಮ್ಮ ಕರ್ನಾಟಕದೋರದೇ ಐತೆ. ಓದೋಣವಾ?" ಎಂದರು ಪ್ರೇರಕಿ ಅಕ್ಕ.

ಎಲ್ಲರೂ ಹತ್ತಿರ ಬಂದು ಕುಳಿತರು. ಅಂದು ಓದಿದ ಕಥೆ ಇದು.

1. ಕೊಡಗಿನ ಹುಡುಗ

ನಮ್ಮ ಕಡೆಯ ಹೆಣ್ಣುಮಕ್ಕಳು ಕೆಲವರು ಕಾಫಿ ತೋಟದ ಕೂಲಿಗೆ ಘಟ್ಟದ ಕಡೆ ಹೋಗಿ ಬಂದಿದ್ದಾರೆ. ಆ ಘಟ್ಟದಲ್ಲೇ ಕೊಡಗು ಇದೆ. ಕಾವೇರಿ ಹುಟ್ಟುವ ನಾಡು ಅದು.

ಕೊಡಗಿನಲ್ಲಿ 1899ನೇ ಇಸವಿ ಜನವರಿ 28ರಂದು ಒಬ್ಬ ಹುಡುಗ ಹುಟ್ಟಿದ. ಅವನ ಹೆಸರು ಕೋದಂಡೇರ ಮಾದಪ್ಪ ಕಾರಿಯಪ್ಪ. ಕೋದಂಡೇರ ಎಂಬುದು ಮನೆತನದ ಹೆಸರು. ಮಾದಪ್ಪ ಎಂಬುದು ತಂದೆಯ ಹೆಸರು. ತಂದೆ ಕಂದಾಯ ಇಲಾಖೆಯಲ್ಲಿ ನೌಕರಿ ಮಾಡುತ್ತಿದ್ದರು. ಮನೆಯವರು ಹುಡುಗನನ್ನು ಮುದ್ದಿನಿಂದ 'ಚಿಮ್ಮ' ಎಂದು ಕರೆಯುತ್ತಿದ್ದರು.

ಆಗ ನಮ್ಮ ದೇಶವನ್ನು ಬ್ರಿಟಿಷರು ಆಳುತ್ತಿದ್ದರು. ಸೈನ್ಯವೂ ಅವರದೇ. ಬಂದೂಕು ಹಿಡಿಯುವ ಸಿಪಾಯಿ ನಮ್ಮವನು. ಅಪ್ಪಣೆ ಕೊಡುವ ದೊಡ್ಡ ಅಧಿಕಾರಿ ಬಿಳಿಯ. ನಮ್ಮವರು ಎಷ್ಟು ಜಾಣರಾದರೂ ದೊಡ್ಡ ಹುದ್ದೆ ಸಿಗುತ್ತಿರಲಿಲ್ಲ.

ಮೊದಲನೇ ಮಹಾಯುದ್ಧ ಮುಗಿಯಿತು. ಆ ಯುದ್ಧದಲ್ಲಿ ನಮ್ಮ ಸಾವಿರಾರು ಸಿಪಾಯಿಗಳು ಸತ್ತಿದ್ದರು. "ನಮ್ಮವರಿಗೂ ಅಧಿಕಾರಿ ಹುದ್ದೆ ಕೊಡಿ" ಎಂದು ದೇಶದ ಹಿರಿಯರು ಕೇಳಿದರು. ಬ್ರಿಟಿಷರು ಕೆಲವೇ ಹುಡುಗರನ್ನು ಆರಿಸಿಕೊಂಡರು. 1919ರಲ್ಲಿ ಇಂದೋರ್ ಎಂಬ ಊರಿನಲ್ಲಿ ಅವರಿಗೆ ತರಬೇತಿ ಕೊಟ್ಟರು. ಆ ಹುಡುಗರಲ್ಲಿ ಕಾರಿಯಪ್ಪ ಒಬ್ಬರು.

2. ಊರು ಬಿಟ್ಟವರು

ಅಲ್ಲಿಂದ ಮುಂದೆ ಕಾರಿಯಪ್ಪನವರು ಊರು ಬಿಟ್ಟು ಊರಿಗೆ, ದೇಶ ಬಿಟ್ಟು ದೇಶಕ್ಕೆ ಹೋದರು. 1920ರಲ್ಲಿ ಅವರ ದಳ ಸಮುದ್ರ ದಾಟಿ ಇರಾಕ್ ದೇಶಕ್ಕೆ ಹೋಯಿತು. ನಮ್ಮ ಸೂಳೆಕೆರೆ ದೊಡ್ಡದು. ಆದರೂ ಏರಿಯ ಮೇಲೆ ನಿಂತರೆ ಆಚೆಯ ಗುಡ್ಡ ಕಾಣುತ್ತದೆ. ಸಮುದ್ರದ ಮಧ್ಯೆ ಹಾಗಲ್ಲ. ಯಾವ ಕಡೆ ನೋಡಿದರೂ ನೀರೇ. ದಡ ಕಾಣುವುದಿಲ್ಲ. ಅಷ್ಟು ದೂರದ ಪಯಣ ಅದು.

ಎರಡನೇ ಮಹಾಯುದ್ಧದಲ್ಲಿ ಅವರು ಇರಾಕ್, ಇರಾನ್, ಬರ್ಮಾ ದೇಶಗಳಲ್ಲಿ ಕೆಲಸ ಮಾಡಿದರು. 1942ರಲ್ಲಿ ಒಂದು ಪಡೆಯ ಮುಖ್ಯಸ್ಥರಾದರು. ಭಾರತದ ಅಧಿಕಾರಿಯೊಬ್ಬರಿಗೆ ಅಂಥ ಜವಾಬ್ದಾರಿ ಸಿಕ್ಕಿದ್ದು ಅದೇ ಮೊದಲು.

"ಅಲ್ಲಾ ಅಕ್ಕಾ, ಅಷ್ಟು ದೂರ ಹೋದ್ರೆ ಮನೆ ಗತಿ ಏನು?" ಎಂದು ಒಬ್ಬಾಕೆ ಕೇಳಿದಳು. ಅವಳ ಮಗ ಆಗಷ್ಟೇ ಸೈನ್ಯಕ್ಕೆ ಸೇರಿದ್ದ.

ಮಿಲಿಟ್ರಿ ಅಜ್ಜಿ ನಕ್ಕರು. "ಏನು ಅಂದ್ರೆ? ಮನೆ ನಾವು ನೋಡ್ಕಬೇಕು. ಹೊಲ ನಾವು ನೋಡ್ಕಬೇಕು. ರಜಾ ಬಂದಾಗ ಅವರು ನೆಂಟರ ಹಂಗೆ ಬರ್ತಾರೆ."

3. ಜನವರಿ 15

1947ರಲ್ಲಿ ನಮಗೆ ಸ್ವಾತಂತ್ರ್ಯ ಬಂತು. ಅದರ ಜೊತೆಗೇ ದೇಶ ಎರಡು ಭಾಗವಾಯಿತು. ಭಾರತ ಒಂದು, ಪಾಕಿಸ್ತಾನ ಒಂದು. ಸೈನ್ಯವೂ ಎರಡಾಯಿತು. ನಿನ್ನೆಯವರೆಗೆ ಒಂದೇ ಪಂಕ್ತಿಯಲ್ಲಿ ಉಂಡವರು ಇಂದು ಎದುರು ಬದುರು ನಿಂತರು. ಈ ಮಾತನ್ನು ನೆನಪಿಡಿ. ಕಥೆಯಲ್ಲಿ ಮುಂದೆ ಬರುತ್ತದೆ.

ಸ್ವಾತಂತ್ರ್ಯ ಬಂದರೂ ಸೈನ್ಯದ ಮೇಲಿನ ಕುರ್ಚಿಯಲ್ಲಿ ಇನ್ನೂ ಬ್ರಿಟಿಷ್ ಅಧಿಕಾರಿಯೇ ಇದ್ದರು. 1949ನೇ ಇಸವಿ ಜನವರಿ 15ರಂದು ಆ ಅಧಿಕಾರಿ ಇಳಿದರು. ನಮ್ಮ ಕೊಡಗಿನ ಕಾರಿಯಪ್ಪನವರು ಆ ಜಾಗಕ್ಕೆ ಬಂದರು. ಭಾರತದ ಸೈನ್ಯಕ್ಕೆ ಭಾರತದವರೇ ಮುಖ್ಯಸ್ಥರಾದರು. ಅದಕ್ಕೇ ಪ್ರತಿ ವರ್ಷ ಜನವರಿ 15ರಂದು 'ಸೇನಾ ದಿನ' ಆಚರಿಸುತ್ತಾರೆ. ನಮ್ಮ ಕಡೆ ಅದು ಸಂಕ್ರಾಂತಿಯ ಸುಗ್ಗಿಯ ಕಾಲ. ಎಳ್ಳು ಬೆಲ್ಲ ಹಂಚುವಾಗ ಇದನ್ನೂ ನೆನೆಯಿರಿ.

ಕಾರಿಯಪ್ಪನವರು ಆ ವರ್ಷವೇ ಒಂದು ಹೊಸ ಕೆಲಸ ಮಾಡಿದರು. ಹಿಂದೆ ಸೈನ್ಯದ ಅನೇಕ ದಳಗಳು ಒಂದೊಂದು ಜಾತಿಯ, ಒಂದೊಂದು ಸೀಮೆಯ ಹೆಸರಿನಲ್ಲಿ ಇದ್ದವು. ಕಾರಿಯಪ್ಪನವರು ಎಲ್ಲ ಜಾತಿ, ಎಲ್ಲ ಸೀಮೆಯವರೂ ಸೇರುವ ದಳವನ್ನು ಕಟ್ಟಿಸಿದರು. ಅದರ ಹೆಸರು 'ಗಾರ್ಡ್ಸ್ ದಳ'. ಅಲ್ಲಿ ಎಲ್ಲರಿಗೂ ಒಂದೇ ಸಾಲು, ಒಂದೇ ಊಟ.

4. ಮನೆಯ ಯಜಮಾನ

ಇಷ್ಟು ದೊಡ್ಡ ಹುದ್ದೆ. ಮನೆಯಲ್ಲಿ ಅವರು ಹೇಗಿದ್ದರು?

ಅವರಿಗೆ ಇಬ್ಬರು ಮಕ್ಕಳು. ಒಬ್ಬ ಮಗ, ಒಬ್ಬಳು ಮಗಳು. ಮಗನನ್ನು ಮನೆಯಲ್ಲಿ 'ನಂದಾ' ಎನ್ನುತ್ತಿದ್ದರು. ಮಗಳ ಹೆಸರು ನಳಿನಿ. ಮಕ್ಕಳು ಚಿಕ್ಕವರಿದ್ದಾಗ, 1948ರಲ್ಲಿ, ಅವರ ತಾಯಿ ಅಪಘಾತದಲ್ಲಿ ತೀರಿಹೋದರು. ತಂದೆಯೇ ಮಕ್ಕಳಿಗೆ ದಿಕ್ಕಾದರು.

ಪ್ರೀತಿ ಇತ್ತು. ಶಿಸ್ತೂ ಇತ್ತು. ಆಗಿನ ಒಂದು ಸಂಗತಿಯನ್ನು ಮಗನೇ ದೊಡ್ಡವನಾದ ಮೇಲೆ ಹೇಳಿದ್ದಾರೆ. ದೆಹಲಿಯಲ್ಲಿ ಮಕ್ಕಳು ಸೈನ್ಯದ ಲಾರಿಯಲ್ಲಿ ಶಾಲೆಗೆ ಹೋಗುತ್ತಿದ್ದರು. ಒಂದು ದಿನ ಲಾರಿ ಬರಲಿಲ್ಲ. ಶಾಲೆಗೆ ಹೊತ್ತಾಗುತ್ತದೆ ಎಂದು ಒಬ್ಬ ಅಧಿಕಾರಿ ಹುಡುಗನನ್ನು ತಂದೆಯ ಸರ್ಕಾರಿ ಕಾರಿನಲ್ಲಿ ಕಳಿಸಿದರು. ಆಮೇಲೆ ಕಾರಿಯಪ್ಪನವರಿಗೆ ವಿಷಯ ತಿಳಿಯಿತು. ಅವರಿಗೆ ತುಂಬ ಸಿಟ್ಟು ಬಂತು. "ಸರ್ಕಾರದ ಕಾರು ಇರುವುದು ಸರ್ಕಾರದ ಕೆಲಸಕ್ಕೆ. ನನ್ನ ಮಗನಿಗಲ್ಲ" ಎಂಬುದು ಅವರ ನಿಲುವು. ಆ ಕಾರಿನ ಖರ್ಚನ್ನು ತಮ್ಮ ಸಂಬಳದಿಂದ ಕಟ್ಟಿಸಿದರು.

"ಈಗ ಹಿಂಗೆ ಮಾಡೋರು ಯಾರವ್ವಾ?" ಎಂದಳು ಒಬ್ಬ ಅಕ್ಕ.

"ಎಲ್ಲಾ ಕಡೆ ಇರ್ತಾರೆ. ಹುಡುಕಬೇಕು" ಎಂದಳು ಇನ್ನೊಬ್ಬಳು.

1953ರಲ್ಲಿ ಕಾರಿಯಪ್ಪನವರು ನಿವೃತ್ತರಾದರು. ಆಮೇಲೆ 1956ರವರೆಗೆ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ದೇಶಗಳಲ್ಲಿ ನಮ್ಮ ದೇಶದ ಪ್ರತಿನಿಧಿ ಆಗಿದ್ದರು. ಕೊನೆಗೆ ಕೊಡಗಿಗೇ ಬಂದರು. ಮಡಿಕೇರಿಯಲ್ಲಿ ಅವರ ಮನೆ. ಅದರ ಹೆಸರು 'ರೋಶನಾರಾ'. ಸೈನ್ಯದಿಂದ ಬಿಡುಗಡೆಯಾಗಿ ಬಂದ ಬಡ ಸಿಪಾಯಿಗಳ ಕಷ್ಟ ಅವರಿಗೆ ಗೊತ್ತಿತ್ತು. ಮಾಜಿ ಸೈನಿಕರ ಸಂಘ ಕಟ್ಟುವುದಕ್ಕೆ ಅವರು ಮುಂದೆ ನಿಂತರು.

5. ಮಗ ಸೆರೆಯಾದ

ಮಗ ನಂದಾ ವಾಯುಪಡೆಗೆ ಸೇರಿದ್ದರು. ವಾಯುಪಡೆ ಎಂದರೆ ವಿಮಾನದಲ್ಲಿ ಕುಳಿತು ಯುದ್ಧ ಮಾಡುವ ಸೈನ್ಯ.

1965ರಲ್ಲಿ ಭಾರತಕ್ಕೂ ಪಾಕಿಸ್ತಾನಕ್ಕೂ ಯುದ್ಧ ನಡೆಯಿತು. ಸೆಪ್ಟೆಂಬರ್ 22ರಂದು ನಂದಾ ಅವರ ವಿಮಾನಕ್ಕೆ ಪಾಕಿಸ್ತಾನದವರು ಗುಂಡು ಹೊಡೆದರು. ವಿಮಾನ ಕೆಟ್ಟಿತು. ಅವರು ಕೆಳಗೆ ಹಾರಿದರು. ಬೆನ್ನಿಗೆ ಪೆಟ್ಟಾಯಿತು. ಪಾಕಿಸ್ತಾನದ ಸೈನಿಕರು ಅವರನ್ನು ಸೆರೆ ಹಿಡಿದರು. ಮರುದಿನವೇ ಯುದ್ಧ ನಿಂತಿತು. ಒಂದು ದಿನದ ಅಂತರದಲ್ಲಿ ಅವರು ಸೆರೆಯಾದರು.

ಆಗ ಪಾಕಿಸ್ತಾನದ ಅಧ್ಯಕ್ಷರಾಗಿದ್ದವರು ಅಯೂಬ್ ಖಾನ್. ದೇಶ ಒಡೆಯುವ ಮೊದಲು ಎರಡೂ ಸೈನ್ಯ ಒಂದೇ ಆಗಿತ್ತಲ್ಲ? ಆಗ ಅಯೂಬ್ ಖಾನ್ ಅವರು ಕಾರಿಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದರು. ಹಳೆಯ ಸಾಹೇಬರ ಮೇಲೆ ಅವರಿಗೆ ಗೌರವ ಇತ್ತು. ಸೆರೆಸಿಕ್ಕವನು ಕಾರಿಯಪ್ಪನವರ ಮಗ ಎಂದು ತಿಳಿಯಿತು. ಮಗ ಕ್ಷೇಮ ಎಂದು ರೇಡಿಯೋದಲ್ಲಿ ಸುದ್ದಿ ಬಂತು. "ಬೇಕಾದರೆ ನಿಮ್ಮ ಮಗನನ್ನು ಬಿಟ್ಟು ಕಳಿಸುತ್ತೇವೆ" ಎಂದು ಅವರ ಕಡೆಯವರು ಹೇಳಿ ಕಳಿಸಿದರು.

ಇಲ್ಲಿಗೆ ಪ್ರೇರಕಿ ಅಕ್ಕ ಓದುವುದನ್ನು ನಿಲ್ಲಿಸಿದರು. ಪುಸ್ತಕ ಮಡಚಿದರು.

"ನೀವಾಗಿದ್ದರೆ ಏನು ಹೇಳುತ್ತಿದ್ದಿರಿ?" ಎಂದು ಕೇಳಿದರು.

ಮಗನನ್ನು ಸೈನ್ಯಕ್ಕೆ ಕಳಿಸಿದ್ದ ತಾಯಿ ತಡಮಾಡದೆ ಹೇಳಿದಳು. "ಬಿಟ್ಟು ಕಳಿಸ್ರಪ್ಪಾ ಅಂತಿದ್ದೆ. ಕೈ ಮುಗೀತಿದ್ದೆ. ನನ್ನ ಮಗ ನನಗೆ ಬೇಕು."

ಯಾರೂ ಅವಳನ್ನು ತಪ್ಪು ಎನ್ನಲಿಲ್ಲ. ತಾಯಿ ಕರುಳು ಹಾಗೆಯೇ ಹೇಳುತ್ತದೆ. ತಂದೆ ಕರುಳಿಗೂ ಹಾಗೇ ಅನ್ನಿಸಿರಬೇಕು. ನಂದಾ ಅವರ ಒಬ್ಬನೇ ಮಗ.

ಆದರೆ ಕಾರಿಯಪ್ಪನವರು ಬೇರೆ ಮಾತು ಹೇಳಿದರು. ಸೆರೆಯಲ್ಲಿ ಇರುವವರೆಲ್ಲ ನನ್ನ ಮಕ್ಕಳೇ, ಬಿಡುವುದಾದರೆ ಎಲ್ಲರನ್ನೂ ಬಿಡಿ, ಇಲ್ಲವಾದರೆ ಯಾರನ್ನೂ ಬಿಡಬೇಡಿ, ನನ್ನ ಮಗನಿಗೆ ಬೇರೆ ಉಪಚಾರ ಬೇಡ ಎಂಬುದು ಅವರ ಉತ್ತರದ ಸಾರ.

ಅಯೂಬ್ ಖಾನ್ ಅವರ ಹೆಂಡತಿ ಆಸ್ಪತ್ರೆಗೆ ಹೋಗಿ ನಂದಾ ಅವರನ್ನು ಮಾತಾಡಿಸಿ ಬಂದರು. ಶತ್ರು ದೇಶದ ಹುಡುಗನಾದರೂ ಅವನೂ ಒಬ್ಬ ತಾಯಿಯ ಮಗನೇ ಅಲ್ಲವೇ? ಸುಮಾರು ನಾಲ್ಕು ತಿಂಗಳ ಮೇಲೆ, 1966ರ ಜನವರಿಯಲ್ಲಿ, ನಂದಾ ಬಿಡುಗಡೆಯಾಗಿ ಮನೆಗೆ ಬಂದರು. ಮುಂದೆ ವಾಯುಪಡೆಯಲ್ಲಿ ಏರ್ ಮಾರ್ಷಲ್ ಎಂಬ ದೊಡ್ಡ ಹುದ್ದೆಗೆ ಏರಿದರು.

6. ಬಾರದೆ ಹೋದವರು

ಎಲ್ಲ ಮನೆಗೂ ಮಗ ಮರಳಿ ಬರಲಿಲ್ಲ. ಅದೇ ಯುದ್ಧ. ಅದೇ ಸೆಪ್ಟೆಂಬರ್ ತಿಂಗಳು. ಅದೇ ಕೊಡಗಿನ ಇನ್ನೊಂದು ಮನೆ. ಅಜ್ಜಮಾಡ ಬೋಪಯ್ಯ ದೇವಯ್ಯ ಎಂಬುವರು ವಾಯುಪಡೆಯಲ್ಲಿ ಅಧಿಕಾರಿ. ಸೆಪ್ಟೆಂಬರ್ 7ರಂದು ವಿಮಾನ ಏರಿ ಹೋದರು. ತಿರುಗಿ ಬರಲಿಲ್ಲ. ಏನಾಯಿತು ಎಂದು ಯಾರಿಗೂ ತಿಳಿಯಲಿಲ್ಲ. 'ಕಾಣೆಯಾಗಿದ್ದಾರೆ' ಎಂದು ಬರೆದರು. ಹೆಂಡತಿ ಸುಂದರಿ, ಇಬ್ಬರು ಹೆಣ್ಣುಮಕ್ಕಳು ದಾರಿ ನೋಡಿದರು.

ಹದಿನಾಲ್ಕು ವರ್ಷ ಕಳೆಯಿತು. 1979ರಲ್ಲಿ ಇಂಗ್ಲೆಂಡಿನ ಒಬ್ಬ ಬರಹಗಾರರು ಆ ಯುದ್ಧದ ಬಗ್ಗೆ ಪುಸ್ತಕ ಬರೆದರು. ಪಾಕಿಸ್ತಾನದವರ ಕಡೆಯಿಂದ ತಿಳಿದ ಸಂಗತಿ ಅದರಲ್ಲಿ ಇತ್ತು. ಪೆಟ್ಟು ತಿಂದ ಚಿಕ್ಕ ವಿಮಾನವೊಂದು ತಿರುಗಿ ಬಿದ್ದು, ತನಗಿಂತ ವೇಗದ ಪಾಕಿಸ್ತಾನದ ವಿಮಾನವನ್ನು ಹೊಡೆದು ಕೆಡವಿತ್ತು. ಅದು ದೇವಯ್ಯನವರ ವಿಮಾನ ಎಂದು ಆಗ ಗೊತ್ತಾಯಿತು. 1988ರಲ್ಲಿ ಸರ್ಕಾರ ಅವರಿಗೆ 'ಮಹಾವೀರ ಚಕ್ರ' ಎಂಬ ದೊಡ್ಡ ಪದಕ ಕೊಟ್ಟಿತು. ಗಂಡ ಹೋದ 23 ವರ್ಷಕ್ಕೆ ಹೆಂಡತಿಯ ಕೈಗೆ ಪದಕ ಬಂತು.

ನೋಡಿದಿರಾ? ಯಾರೋ ಒಬ್ಬರು ಬರೆದಿಟ್ಟರು. ಅದರಿಂದ ಒಬ್ಬನ ಬಾಳು ಬೆಳಕಿಗೆ ಬಂತು. ಬರೆಯದೇ ಇದ್ದಿದ್ದರೆ ಅವರು ಇಂದಿಗೂ ಬರೀ 'ಕಾಣೆಯಾದವರು'.

7. ಕೊನೆಯ ದಿನಗಳು

1986ರಲ್ಲಿ ಸರ್ಕಾರ ಕಾರಿಯಪ್ಪನವರಿಗೆ 'ಫೀಲ್ಡ್ ಮಾರ್ಷಲ್' ಎಂಬ ಪದವಿ ಕೊಟ್ಟಿತು. ಸೈನ್ಯದಲ್ಲಿ ಅದಕ್ಕಿಂತ ಮೇಲಿನ ಪದವಿ ಇಲ್ಲ. ಆಗ ಅವರಿಗೆ 87 ವರ್ಷ. 1993ನೇ ಇಸವಿ ಮೇ 15ರಂದು ಅವರು ಬೆಂಗಳೂರಿನಲ್ಲಿ ತೀರಿಕೊಂಡರು. ಮಡಿಕೇರಿಯಲ್ಲಿ ಅಂತ್ಯಕ್ರಿಯೆ ನಡೆಯಿತು. ಸೆರೆಯಿಂದ ಮರಳಿ ಬಂದಿದ್ದ ಮಗನೇ ಚಿತೆಗೆ ಬೆಂಕಿ ಇಟ್ಟರು. ಮುಂದೆ ಆ ಮಗನೇ ತಂದೆಯ ಬಾಳಿನ ಕಥೆಯನ್ನು ಪುಸ್ತಕವಾಗಿ ಬರೆದರು.

8. ಅಜ್ಜಿಯ ಟ್ರಂಕು

ಪಾಠ ಮುಗಿಯಿತು. ಮಿಲಿಟ್ರಿ ಅಜ್ಜಿ ಎದ್ದು ಹೋಗಲಿಲ್ಲ.

"ಅಕ್ಕಾರೇ, ಅವರು ದೊಡ್ಡೋರು. ಅವರ ಮಗ ಬರೆದ. ನಮ್ಮ ಯಜಮಾನ್ರು ಸಣ್ಣ ಸಿಪಾಯಿ. ಅವರದು ಯಾರು ಬರೀತಾರೆ?"

"ನೀವೇ ಬರೀರಿ ಅಜ್ಜಿ. ನಿಮಗೆ ಅಕ್ಷರ ಬಂದೈತಲ್ಲ."

ಮರುದಿನ ಅಜ್ಜಿಯ ಮೊಮ್ಮಗ ಟ್ರಂಕನ್ನು ಕೇಂದ್ರಕ್ಕೆ ಹೊತ್ತು ತಂದ. ಒಳಗೆ ಒಂದು ಉಲ್ಲನ್ ಕಂಬಳಿ, ಎರಡು ಪದಕ, ಒಂದು ಕಟ್ಟು ಕಾಗದ ಇದ್ದವು. ತಳದಲ್ಲಿ ಬಿಡುಗಡೆ ಪುಸ್ತಕ ಇತ್ತು. ಸೈನ್ಯದಿಂದ ಬಿಟ್ಟು ಬರುವಾಗ ಸಿಪಾಯಿಗೆ ಕೊಡುವ ಪುಸ್ತಕ ಅದು. ಪ್ರೇರಕಿ ಅಕ್ಕ ಅದನ್ನು ಓದಿದರು. ಸೇರಿದ ದಿನ, ಬಿಟ್ಟ ದಿನ, ಕೆಲಸ ಮಾಡಿದ ಜಾಗ ಎಲ್ಲಾ ಇತ್ತು. ಹೆಂಡತಿಯ ಹೆಸರೂ ಇತ್ತು.

ಆ ಹೆಸರು ಕೇಳಿ ಅಜ್ಜಿ ಬೆಚ್ಚಿದರು. "ಅದು ನನ್ನ ತವರುಮನೆ ಹೆಸರು! ಆ ಹೆಸರಿಂದ ನನ್ನ ಕರೆದು ಐವತ್ತು ವರ್ಷ ಆತು."

ಮದುವೆಯಾದಾಗ ಗಂಡನ ಮನೆಯವರು ಅಜ್ಜಿಗೆ ಬೇರೆ ಹೆಸರು ಇಟ್ಟಿದ್ದರು. ಆಧಾರ್ ಕಾರ್ಡು, ರೇಷನ್ ಕಾರ್ಡು, ಪಾಸ್ ಪುಸ್ತಕ ಎಲ್ಲದರಲ್ಲೂ ಆ ಹೊಸ ಹೆಸರೇ. ಗಂಡ ತೀರಿದ ಮೇಲೆ ಕುಟುಂಬ ಪಿಂಚಣಿಗೆ ಅಜ್ಜಿ ಅರ್ಜಿ ಕೊಟ್ಟಿದ್ದರು. "ಹೆಸರು ತಾಳೆ ಆಗಲ್ಲ" ಎಂದು ಅರ್ಜಿ ಹಿಂದೆ ಬಂದಿತ್ತು. ಏಕೆಂದು ಯಾರೂ ಬಿಡಿಸಿ ಹೇಳಿರಲಿಲ್ಲ. ಅಜ್ಜಿಗೆ ಓದಲು ಬರುತ್ತಿರಲಿಲ್ಲ. ತಿಂಗಳುಗಟ್ಟಲೆ ತಿರುಗಿದ್ದರು. ಈಗ ಕಾರಣ ತಿಳಿಯಿತು.

ಎರಡೂ ಹೆಸರು ಒಬ್ಬಳದೇ ಎಂದು ಅಫಿಡವಿಟ್ ಮಾಡಿಸಿದರು. ಗಂಡನ ಮರಣ ಪ್ರಮಾಣ ಪತ್ರ, ಬಿಡುಗಡೆ ಪುಸ್ತಕ, ಪಿಂಚಣಿ ಆದೇಶ ಪತ್ರ, ಆಧಾರ್ ಎಲ್ಲ ಜೋಡಿಸಿದರು. ಸೈನಿಕ ಕಲ್ಯಾಣ ಇಲಾಖೆಯ ಕಚೇರಿಗೆ ಮೊಮ್ಮಗನ ಜೊತೆ ಹೋಗಿ ಅರ್ಜಿ ಕೊಟ್ಟರು. ಅರ್ಜಿಯ ಕೆಳಗೆ ಹೆಬ್ಬೆಟ್ಟು ಒತ್ತಲಿಲ್ಲ. ಸಹಿ ಮಾಡಿದರು. ಅರ್ಜಿ ತಲುಪಿದ್ದಕ್ಕೆ ರಸೀದಿ ಕೇಳಿ ತಂದರು.

ಆ ಕಾಗದದ ಕಟ್ಟು ಇತ್ತಲ್ಲ? ಅವು ಯಜಮಾನರು ಬರೆದ ಪತ್ರಗಳು. ಅವನ್ನು ಅಜ್ಜಿ ಯಾರಿಗೂ ಕೊಡಲಿಲ್ಲ. ಮನೆಗೆ ಒಯ್ದು, ಕೂಡಿಸಿ ಕೂಡಿಸಿ, ಒಂದೊಂದೇ ಓದಿದರು. ಹದಿನೈದು ದಿನ ಹಿಡಿಯಿತು. ಆಮೇಲೆ ನೋಟು ಪುಸ್ತಕದಲ್ಲಿ ಹೀಗೆ ಬರೆದು ತಂದರು.

"ನನ್ನ ಯಜಮಾನರು 17 ವರ್ಷ ಮಿಲಿಟ್ರಿಯಲ್ಲಿ ಇದ್ದರು. ಹಿಮ ಬೀಳುವ ಊರಲ್ಲಿ ಇದ್ದರು. ಅಲ್ಲಿ ರೊಟ್ಟಿ ತಟ್ಟುವುದು ಕಲಿತರು. ಊರಲ್ಲಿ ಯಾರಿಗೂ ಹೇಳಲಿಲ್ಲ. ನನಗೆ ಜ್ವರ ಬಂದಾಗ ಬಾಗಿಲು ಹಾಕಿ ರೊಟ್ಟಿ ಮಾಡಿ ಕೊಟ್ಟರು. ಕಾಗದ ಬರೆಯುತ್ತಿದ್ದರು. ಬೇರೆಯವರು ಓದಿ ಹೇಳುತ್ತಿದ್ದರು. ಅದಕ್ಕೆ ಮನಸ್ಸಿನ ಮಾತು ಬರೆಯುತ್ತಿರಲಿಲ್ಲ. ಎಲ್ಲ ಕಾಗದದ ಕೊನೆಗೂ ಹುಷಾರು ಅಂತ ಬರೆದಿದ್ದಾರೆ. ಈಗ ನಾನೇ ಓದಿದೆ."

ಪ್ರೇರಕಿ ಅಕ್ಕ ಅದನ್ನು ತಿದ್ದಲಿಲ್ಲ. ಎಲ್ಲರ ಮುಂದೆ ಅಜ್ಜಿಯಿಂದಲೇ ಓದಿಸಿದರು.

ನೆನಪಿಡಿ

* ಗಂಡ ಅಥವಾ ಮಗ ಸೈನ್ಯದಲ್ಲಿ ಇದ್ದರೆ, ಅವರ ದಾಖಲೆಯಲ್ಲಿ ನಿಮ್ಮ ಹೆಸರು ಹೇಗೆ ಬರೆದಿದೆ ಎಂದು ಈಗಲೇ ಕೇಳಿ ನೋಡಿ.
* ಆಧಾರ್, ಬ್ಯಾಂಕ್ ಪುಸ್ತಕ, ಪಿಂಚಣಿ ಆದೇಶ ಪತ್ರ ಮೂರರಲ್ಲೂ ಹೆಸರು, ಹುಟ್ಟಿದ ದಿನ ಒಂದೇ ಇರಬೇಕು. ಇಲ್ಲದಿದ್ದರೆ ಅರ್ಜಿ ಕೊಟ್ಟು ಸರಿಮಾಡಿಸಿ.
* ಬಿಡುಗಡೆ ಪುಸ್ತಕ, ಪಿಂಚಣಿ ಪತ್ರಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಇಡಿ. ಜೆರಾಕ್ಸ್ ಮಾಡಿಸಿ ಬೇರೆ ಕಡೆಯೂ ಇಡಿ.
* ಪಿಂಚಣಿ ಪಡೆಯುವವರು ವರ್ಷಕ್ಕೊಮ್ಮೆ 'ಜೀವಂತ ಇದ್ದೇನೆ' ಎಂಬ ಪ್ರಮಾಣ ಪತ್ರ ಕೊಡಬೇಕು. ಮರೆಯಬೇಡಿ.
* ಓದದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ.

ಈ ಪದಗಳನ್ನು ಓದಿ, ಬರೆಯಿರಿ

ಸೈನ್ಯ – ಸಿಪಾಯಿ – ಯುದ್ಧ – ಶಿಸ್ತು – ನಿವೃತ್ತಿ – ಪಿಂಚಣಿ – ಬಿಡುಗಡೆ – ಪ್ರಮಾಣ ಪತ್ರ – ಸಹಿ – ನೆನಪು

ಉತ್ತರ ಹೇಳಿ

1. ಕಾರಿಯಪ್ಪನವರು ಯಾವ ನಾಡಿನಲ್ಲಿ ಹುಟ್ಟಿದರು?
2. ಜನವರಿ 15ರಂದು ಸೇನಾ ದಿನ ಏಕೆ ಆಚರಿಸುತ್ತಾರೆ?
3. ಸರ್ಕಾರಿ ಕಾರಿನ ಖರ್ಚನ್ನು ಕಾರಿಯಪ್ಪನವರು ಏಕೆ ಕಟ್ಟಿದರು?
4. ದೇವಯ್ಯನವರ ಸಂಗತಿ ಹೇಗೆ ತಿಳಿದುಬಂತು?
5. ಅಜ್ಜಿಯ ಅರ್ಜಿ ಏಕೆ ಹಿಂದೆ ಬಂದಿತ್ತು?

ಕೂತು ಮಾತಾಡಿ

ಕಾರಿಯಪ್ಪನವರು "ಎಲ್ಲರನ್ನೂ ಬಿಡಿ" ಎಂದರು. ಆ ತಾಯಿ "ನನ್ನ ಮಗ ಬೇಕು" ಎಂದಳು. ಇಬ್ಬರ ಮಾತಿನ ಬಗ್ಗೆ ನಿಮಗೆ ಏನನ್ನಿಸುತ್ತದೆ?

ಮಾಡಿ ನೋಡಿ

ನಿಮ್ಮ ಮನೆಯಲ್ಲಿ ತೀರಿಹೋದ ಹಿರಿಯರೊಬ್ಬರನ್ನು ನೆನೆಯಿರಿ. ಅವರು ಗಂಡಸಾಗಲಿ, ಹೆಂಗಸಾಗಲಿ. ಅವರ ಹೆಸರು, ಊರು, ಮಾಡಿದ ಕೆಲಸ ಬರೆಯಿರಿ. ನಿಮಗೆ ಮಾತ್ರ ಗೊತ್ತಿರುವ ಒಂದು ಸಂಗತಿಯನ್ನೂ ಬರೆಯಿರಿ. ಐದು ಸಾಲು ಸಾಕು. ತಪ್ಪಾದರೆ ಹೆದರಬೇಡಿ. ಬರೆದದ್ದನ್ನು ಮನೆಯ ಮಕ್ಕಳಿಗೆ ನೀವೇ ಓದಿ ಹೇಳಿ.